‘ಈಚೆಗೆ ಮಾತೇ ಕಡಿಮೆ’: ಇಳಿವಯಸ್ಸಿನ ಒಡನಾಟ ಮತ್ತು ಮರೆವಿನ ಮೊದಲ ಹಂತ

ವಯಸ್ಸಾದವರ ಬಗ್ಗೆ ಮನೆಯವರು ಆಡುವ ಮಾತುಗಳಲ್ಲಿ ವೈದ್ಯರು ಕಿವಿಗೊಟ್ಟು ಕೇಳಬೇಕಾದದ್ದು ಒಂದಿದೆ: "ಈಚೆಗೆ ಮಾತೇ ಕಡಿಮೆ ಮಾಡಿಬಿಟ್ಟಿದ್ದಾರೆ." ಮರೆವು ಕಂಡರೆ ಎಲ್ಲರೂ ಗಾಬರಿಯಾಗುತ್ತಾರೆ. ಕನ್ನಡಕ ಎಲ್ಲಿಟ್ಟೆ ಎಂದು ಎರಡು ದಿನ ಹುಡುಕಿದರೆ ಸಾಕು, ಅಲ್ಜೈಮರ್ ಇರಬಹುದೇ ಎಂಬ ಪ್ರಶ್ನೆ ಬರುತ್ತದೆ. ಆದರೆ ವಾರಕ್ಕೆರಡು ಸಲ ಗೆಳೆಯರ ಜೊತೆ ಕೂರುತ್ತಿದ್ದವರು ಅದನ್ನು ಬಿಟ್ಟರೆ, ಫೋನ್ ಬಂದಾಗ "ನೀನೇ ಮಾತಾಡು" ಎಂದು ಪಕ್ಕದವರ ಕೈಗೆ ದಾಟಿಸಿದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತೇವೆ.

ಹೀಗೆ ಹಿಂದೆ ಸರಿಯುವುದು ಮಿದುಳು ಸೋಲಲು ಕಾರಣವಾಗಬಹುದು. ಮಿದುಳು ಆಗಲೇ ಸೋಲತೊಡಗಿದೆ ಎಂಬುದರ ಗುರುತೂ ಆಗಿರಬಹುದು. ಎಷ್ಟೋ ಸಲ ಎರಡೂ ಒಂದನ್ನೊಂದು ತಳ್ಳುತ್ತ ಸಾಗುತ್ತವೆ. ಇದನ್ನು ಬಿಡಿಸಿ ನೋಡದೆ "ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೆಯಿರಿ" ಎಂದು ಬುದ್ಧಿ ಹೇಳಿದರೆ ಕೆಲಸ ಆಗುವುದು ಅಪರೂಪ. ಬೆರೆಯುವುದಕ್ಕೆ ಅಡ್ಡ ಬಂದದ್ದು ಏನು ಎಂದು ಮೊದಲು ಹುಡುಕಬೇಕು.

ಒಡನಾಟದ ಕೊರತೆ ಬೇರೆ, ಒಂಟಿತನ ಬೇರೆ

ಒಡನಾಟದ ಕೊರತೆಯನ್ನು ಎಣಿಸಬಹುದು: ತಿಂಗಳಲ್ಲಿ ಎಷ್ಟು ಜನ ಸಿಕ್ಕರು, ಎಷ್ಟು ಫೋನ್ ಬಂತು, ಯಾವ ಗುಂಪಿಗೆ ಹೋದರು. ಒಂಟಿತನ ಒಳಗಿನ ಅನಿಸಿಕೆ, ಬೇಕಾದಷ್ಟು ನಂಟು ಸಿಗುತ್ತಿಲ್ಲ ಎಂಬ ಕೊರಗು. ಒಬ್ಬರೇ ಇದ್ದು ನೆಮ್ಮದಿಯಾಗಿರುವವರಿದ್ದಾರೆ, ಆರು ಜನರ ಮನೆಯಲ್ಲಿ ಒಂಟಿಯಾದವರೂ ಇದ್ದಾರೆ. ಎರಡನೆಯವರೇ ಹೆಚ್ಚು ಕಣ್ತಪ್ಪುತ್ತಾರೆ, ಏಕೆಂದರೆ "ಮನೆ ತುಂಬ ಜನ ಇದ್ದಾರಲ್ಲ" ಎಂಬ ಸಮಾಧಾನ ಎಲ್ಲರಿಗೂ ಇರುತ್ತದೆ.

ಸಂಶೋಧನೆಗಳು ಈ ಎರಡನ್ನೂ ಬೇರೆ ಬೇರೆಯಾಗಿ ಅಳೆದಿವೆ. ಬ್ರಿಟನ್ನಿನ ಜನರ ಆರೋಗ್ಯ ಮಾಹಿತಿಯ ಭಂಡಾರವಾದ ಯುಕೆ ಬಯೋಬ್ಯಾಂಕ್‌ನ 4.6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿ 2022ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂದ ಅಧ್ಯಯನ ಮೂರೇ ವಿಷಯ ಕೇಳಿತ್ತು: ಒಬ್ಬರೇ ವಾಸವೇ, ತಿಂಗಳಿಗೊಮ್ಮೆಯಾದರೂ ಯಾರನ್ನಾದರೂ ಭೇಟಿಯಾಗುತ್ತೀರಾ, ವಾರಕ್ಕೊಮ್ಮೆಯಾದರೂ ಯಾವುದಾದರೂ ಕೂಟಕ್ಕೆ ಹೋಗುತ್ತೀರಾ. ಮೂರರಲ್ಲಿ ಎರಡು ಕೊರತೆ ಇದ್ದವರಿಗೆ ಮುಂದಿನ ಸುಮಾರು 12 ವರ್ಷಗಳಲ್ಲಿ ಡಿಮೆನ್ಷಿಯಾ (ನೆನಪು, ಯೋಚನೆ ಕುಸಿಯುವ ಕಾಯಿಲೆ, ಅಲ್ಜೈಮರ್ ಇದರ ಒಂದು ಬಗೆ) ಬರುವ ಸಾಧ್ಯತೆ ಶೇ. 26ರಷ್ಟು ಹೆಚ್ಚಿತ್ತು. ಒಂಟಿತನದ ಜೊತೆ ಕಂಡ ಅಪಾಯದ ಹಿಂದೆ ಬಹುಮಟ್ಟಿಗೆ ಖಿನ್ನತೆಯೇ ಇತ್ತು. ಆದರೆ 2024ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರ ದತ್ತಾಂಶ ಒಟ್ಟುಗೂಡಿಸಿದ ಇನ್ನೊಂದು ವಿಶ್ಲೇಷಣೆಯಲ್ಲಿ ಒಂಟಿತನ ಅನುಭವಿಸುವವರಿಗೂ ಶೇ. 31ರಷ್ಟು ಹೆಚ್ಚಿನ ಅಪಾಯ ಕಂಡಿತು. ಎರಡನ್ನೂ ಕೇಳಬೇಕು, ಒಂದನ್ನು ಕೇಳಿ ಇನ್ನೊಂದನ್ನು ಊಹಿಸಬಾರದು.

ಈ ಶೇಕಡಾ ಲೆಕ್ಕವನ್ನು ಓದುವಾಗ ಒಂದು ಎಚ್ಚರ. ನೂರು ಜನರಲ್ಲಿ 26 ಮಂದಿಗೆ ಕಾಯಿಲೆ ಬರುತ್ತದೆ ಎಂದು ಇದರ ಅರ್ಥವಲ್ಲ. ಒಂದು ವಯೋಮಾನದಲ್ಲಿ ನೂರಕ್ಕೆ ಹತ್ತು ಜನರಿಗೆ ಬರುವ ಕಾಯಿಲೆ ಎಂದಿಟ್ಟುಕೊಂಡರೆ, ಒಡನಾಟ ಇಲ್ಲದವರಲ್ಲಿ ಅದು ಹನ್ನೆರಡೂವರೆ ಆದೀತು. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಸಣ್ಣ ಏರಿಕೆ, ಜನಸಂಖ್ಯೆಯ ಮಟ್ಟದಲ್ಲಿ ದೊಡ್ಡದು. ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಅಪಾಯಕಾರಿ ಅಂಶಗಳನ್ನು ಪೂರ್ತಿ ತೆಗೆದುಹಾಕಲು ಸಾಧ್ಯವಾದರೆ ಜಗತ್ತಿನ ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬ ಅಂದಾಜಿದೆ. ಅದರಲ್ಲಿ ಇಳಿವಯಸ್ಸಿನ ಒಡನಾಟದ ಕೊರತೆಯ ಪಾಲು ಶೇ. 5, ಕಿವುಡಿನ ಪಾಲು ಶೇ. 7. ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಕಾರಣ ಮುಂದೆ ಬರುತ್ತದೆ.

ಹರಟೆಯಲ್ಲಿ ಮಿದುಳಿಗೆ ಎಷ್ಟು ಕೆಲಸ

ಮರೆವು ತಡೆಯಲು ಪದಬಂಧ, ಸುಡೋಕು, ಮೊಬೈಲ್ ಆಟ ಎಂದೆಲ್ಲ ಸಲಹೆ ಸಿಗುತ್ತದೆ. ಹರಟೆಯನ್ನು ಯಾರೂ ವ್ಯಾಯಾಮವೆಂದು ಎಣಿಸುವುದಿಲ್ಲ. ಆದರೆ ಐದು ನಿಮಿಷದ ಮಾತುಕತೆಯನ್ನು ಬಿಡಿಸಿ ನೋಡಿ. ಸುತ್ತಲಿನ ಸದ್ದಿನಿಂದ ಎದುರಿನವರ ದನಿಯನ್ನು ಬೇರ್ಪಡಿಸಬೇಕು. ವಾಕ್ಯ ಮುಗಿಯುವವರೆಗೆ ಅದರ ಮೊದಲ ಭಾಗವನ್ನು ನೆನಪಲ್ಲಿ ಹಿಡಿದಿರಬೇಕು. ಹೇಳುತ್ತಿರುವುದು ತಮಾಷೆಯೋ ಸಿಟ್ಟೋ ಎಂದು ಮುಖ ನೋಡಿ ಅಳೆಯಬೇಕು. ತನಗೆ ತೋಚಿದ ಉತ್ತರವನ್ನು ಸರದಿ ಬರುವತನಕ ತಡೆದಿಟ್ಟುಕೊಳ್ಳಬೇಕು, ಹೆಸರುಗಳನ್ನು ಹೆಕ್ಕಬೇಕು, ಈ ಕಥೆಯನ್ನು ಇವರಿಗೆ ಆಗಲೇ ಹೇಳಿದ್ದೇನೆಯೇ ಎಂದೂ ನೋಡಬೇಕು. ಎಲ್ಲವೂ ಸೆಕೆಂಡಿನೊಳಗೆ. ಪದಬಂಧ ಕಾಯುತ್ತದೆ, ಎದುರಿಗೆ ಕೂತವರು ಅಷ್ಟು ಹೊತ್ತು ಕಾಯುವುದಿಲ್ಲ. ಟಿವಿಗಂತೂ ಉತ್ತರವೇ ಬೇಕಿಲ್ಲ.

ಇಂಥ ದಿನನಿತ್ಯದ ದುಡಿಮೆಯಿಂದ ಮಿದುಳಿನಲ್ಲಿ ಒಂದು ಬಗೆಯ ಉಳಿತಾಯ ಬೆಳೆಯುತ್ತದೆ ಎಂಬುದು ಸಂಶೋಧಕರ ವಿವರಣೆ. ಕಾಯಿಲೆ ಒಳಗೆ ಅಷ್ಟೇ ಹರಡಿದ್ದರೂ ಉಳಿತಾಯ ಇದ್ದವರಲ್ಲಿ ಲಕ್ಷಣ ತಡವಾಗಿ ಕಾಣುತ್ತದೆ. ಇದರ ಜೊತೆಗೆ ಒಡನಾಟ ಕಡಿದವರ ನಡಿಗೆ ಕಡಿಮೆಯಾಗುತ್ತದೆ, ನಿದ್ದೆ ತುಂಡಾಗುತ್ತದೆ, ಬಿಪಿ ಮಾತ್ರೆ ತಪ್ಪುತ್ತದೆ. ಇವೆಲ್ಲ ಮಿದುಳಿನ ರಕ್ತನಾಳಗಳಿಗೆ ನೇರ ಪೆಟ್ಟು.

ಅಂಟಾರ್ಕ್ಟಿಕಾದ ನ್ಯೂಮಾಯರ್ 3 ಸಂಶೋಧನಾ ಕೇಂದ್ರದಲ್ಲಿ 14 ತಿಂಗಳು ಕಳೆದ ಒಂಬತ್ತು ಮಂದಿಯ ಮಿದುಳನ್ನು ಹೋಗುವ ಮುಂಚೆ, ಬಂದ ಮೇಲೆ ಸ್ಕ್ಯಾನ್ ಮಾಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನ ಡೆಂಟೇಟ್ ಜೈರಸ್ ಎಂಬ ಭಾಗ ಅವರಲ್ಲಿ ಸುಮಾರು ಶೇ. 7ರಷ್ಟು ಕುಗ್ಗಿತ್ತು. ಅವರು ಆರೋಗ್ಯವಂತರು, ವೃದ್ಧರಲ್ಲ, ಒಬ್ಬರೇ ಇದ್ದವರೂ ಅಲ್ಲ. ಅದೇ ಮುಖ, ಅದೇ ಬಿಳಿ ಬಯಲು, ಅದೇ ಕೋಣೆ. ಒಂಬತ್ತು ಜನರ ಲೆಕ್ಕದ ಮೇಲೆ ಸಿದ್ಧಾಂತ ಕಟ್ಟಲಾಗದು, ಆದರೆ ಏಕತಾನತೆಯನ್ನೂ ಒಡನಾಟದ ಕೊರತೆಯ ಜೊತೆಗೇ ನೋಡಬೇಕು ಎಂಬುದಕ್ಕೆ ಇದು ಒಳ್ಳೆಯ ಸುಳಿವು.

ಇನ್ನೊಂದು ಹಾನಿ ಜೀವಶಾಸ್ತ್ರಕ್ಕೆ ಸಂಬಂಧಿಸಿದ್ದೇ ಅಲ್ಲ. ಒಬ್ಬರೇ ಇರುವವರ ಬದಲಾವಣೆಯನ್ನು ನೋಡಲು ಯಾರೂ ಇರುವುದಿಲ್ಲ. ಎರಡು ಸಲ ಕಟ್ಟಿದ ಬಿಲ್ಲು, ಮುಗಿಯದೇ ಉಳಿದ ಮಾತ್ರೆಯ ಹಾಳೆ, ಗುರುತಿನ ದಾರಿಯಲ್ಲಿ ಒಮ್ಮೆ ತಪ್ಪಿದ ತಿರುವು, ಇವು ಬೇರೆಯವರ ಕಣ್ಣಿಗೇ ಮೊದಲು ಬೀಳುವಂಥವು. ಹಾಗಾಗಿ ಇಂಥವರು ಆಸ್ಪತ್ರೆಗೆ ಬರುವಾಗ ಕಾಯಿಲೆ ಒಂದೆರಡು ಹೆಜ್ಜೆ ಮುಂದೆ ಹೋಗಿರುತ್ತದೆ.

ಯಾವುದು ಮೊದಲು?

ಅಲ್ಜೈಮರ್‌ನಲ್ಲಿ ಮಿದುಳೊಳಗಿನ ಬದಲಾವಣೆ ಮರೆವು ಕಾಣಿಸುವ ಹದಿನೈದು-ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತದೆ. ಹಾಗಿದ್ದರೆ ಒಡನಾಟ ಕಡಿಮೆಯಾದದ್ದೇ ಕಾಯಿಲೆಯ ಪರಿಣಾಮ ಏಕಿರಬಾರದು? ಪ್ರಶ್ನೆ ಸರಿಯಾದದ್ದೇ. ಹತ್ತು ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸರ್ಕಾರಿ ನೌಕರರನ್ನು ದಶಕಗಳ ಕಾಲ ಹಿಂಬಾಲಿಸಿದ ವೈಟ್‌ಹಾಲ್ 2 ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. 60ರ ವಯಸ್ಸಿನಲ್ಲಿ ಹೆಚ್ಚುಕಡಿಮೆ ದಿನವೂ ಗೆಳೆಯರನ್ನು ಕಾಣುತ್ತಿದ್ದವರಿಗೆ, ಕೆಲವು ತಿಂಗಳಿಗೊಮ್ಮೆ ಒಬ್ಬಿಬ್ಬರನ್ನು ಕಾಣುತ್ತಿದ್ದವರಿಗಿಂತ ಮುಂದೆ ಡಿಮೆನ್ಷಿಯಾ ಬರುವ ಸಾಧ್ಯತೆ ಶೇ. 12ರಷ್ಟು ಕಡಿಮೆ ಇತ್ತು. ಸೋಜಿಗವೆಂದರೆ ಈ ನಂಟು ಕಂಡದ್ದು ಗೆಳೆಯರ ವಿಷಯದಲ್ಲಿ, ನೆಂಟರ ವಿಷಯದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಗೆಳೆತನವನ್ನು ಉಳಿಸಿಕೊಳ್ಳಲು ತಾನೇ ಹೆಜ್ಜೆ ಇಡಬೇಕು, ನೆನಪಿಟ್ಟು ವಿಚಾರಿಸಬೇಕು. ನೆಂಟಸ್ತಿಕೆ ಏನೂ ಮಾಡದಿದ್ದರೂ ನಡೆಯುತ್ತದೆ. ವ್ಯತ್ಯಾಸ ಅಲ್ಲಿರಬಹುದು.

ಸಂಶೋಧನೆಯ ವಾದ ಏನೇ ಇರಲಿ, ಎದುರಿಗೆ ಕೂತ ಒಬ್ಬ ವ್ಯಕ್ತಿಯ ವಿಷಯದಲ್ಲಿ ಕೇಳಬೇಕಾದದ್ದು ಒಂದೇ: ಇವರು ಏಕೆ ಹಿಂದೆ ಸರಿದರು? ಹತ್ತಿರದಿಂದ ನೋಡಿದರೆ ಗುರುತುಗಳು ಬೇರೆ ಬೇರೆ.

ಕಿವಿ ಮಂದವಾದವರು ಎದುರಾಬದುರು ಕೂತಾಗ ಚೆನ್ನಾಗಿ ಮಾತಾಡುತ್ತಾರೆ, ಗುಂಪಿನಲ್ಲಿ ಮೌನವಾಗುತ್ತಾರೆ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಕೀರಲು ದನಿಯ ಭಾಗ. ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಮಸುಕಾಗುತ್ತವೆ. ‘ಸಾಲ’ ಅಂದರೆ ‘ಕಾಲ’ ಅನ್ನಿಸುತ್ತದೆ. ಆದ್ದರಿಂದಲೇ ಅವರು "ಕೇಳಿಸ್ತಿಲ್ಲ" ಅನ್ನುವುದಿಲ್ಲ, "ನೀವೆಲ್ಲ ಗೊಣಗ್ತೀರಿ" ಅನ್ನುತ್ತಾರೆ. ಎಲ್ಲರೂ ನಕ್ಕಾಗ ಅರೆಕ್ಷಣ ತಡವಾಗಿ ನಗುತ್ತಾರೆ. ಅಸಂಬದ್ಧ ಉತ್ತರ ಕೊಟ್ಟು ಒಮ್ಮೆ ನಗೆಪಾಟಲಾದರೆ ಮುಂದಿನ ಸಲ ಬರುವುದೇ ಇಲ್ಲ.

ಖಿನ್ನತೆ ಇರುವವರು ತಮ್ಮ ಮರೆವಿನ ಬಗ್ಗೆ ತಾವೇ ದೂರುತ್ತಾರೆ, ಕೇಳಿದ್ದಕ್ಕೆ "ಗೊತ್ತಿಲ್ಲ" ಎಂದು ಕೈಚೆಲ್ಲುತ್ತಾರೆ. ನಸುಕಿನಲ್ಲೇ ಎಚ್ಚರ, ತಾನು ಹೊರೆಯಾದೆ ಎಂಬ ಮಾತು, ತೂಕ ಇಳಿಕೆ ಜೊತೆಗಿರುತ್ತವೆ. ಡಿಮೆನ್ಷಿಯಾದ ಮೊದಲ ಹಂತದಲ್ಲಿ ಸಾಮಾನ್ಯವಾಗಿ ಇದರ ತದ್ವಿರುದ್ಧ: ದೂರುವವರು ಮನೆಯವರು, ಅವರು ಮಾತ್ರ "ನನಗೇನಾಗಿದೆ?" ಎನ್ನುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಬದಲು ಪಕ್ಕದವರ ಮುಖ ನೋಡುತ್ತಾರೆ. ಈ ತಲೆ ತಿರುಗಿಸುವಿಕೆ ಎಷ್ಟು ಸಾಮಾನ್ಯವೆಂದರೆ ಮರೆವಿನ ಕ್ಲಿನಿಕ್ಕುಗಳಲ್ಲಿ ಅದನ್ನೇ ಒಂದು ಗುರುತಾಗಿ ಗಮನಿಸುತ್ತಾರೆ. ಇನ್ನು ಕೆಲವರಲ್ಲಿ ದುಃಖವೂ ಇಲ್ಲ, ಭಯವೂ ಇಲ್ಲ, ಬರೀ ನಿರಾಸಕ್ತಿ. ಯಾರಾದರೂ ಎಬ್ಬಿಸಿ ಕರೆದುಕೊಂಡು ಹೋದರೆ ಹೋಗುತ್ತಾರೆ, ಖುಷಿಯಾಗಿಯೇ ಇರುತ್ತಾರೆ, ತಾವಾಗಿ ಮಾತ್ರ ಹೊರಡುವುದಿಲ್ಲ. ಇದನ್ನು ಸೋಮಾರಿತನ ಎಂದು ಬೈಯುವುದು ಎಲ್ಲೆಡೆ ನಡೆಯುತ್ತದೆ. ಮಿದುಳಿನ ಮುಂಭಾಗ ಸೋಲುವಾಗ ಮೊದಲು ಕಾಣುವ ಲಕ್ಷಣಗಳಲ್ಲಿ ಇದೂ ಒಂದು.

ಬಾಯಿಬಿಟ್ಟು ಹೇಳದ ಕಾರಣಗಳೂ ಉಂಟು. ಮೂತ್ರ ತಡೆಯಲಾಗದ ಭಯ, ಒಮ್ಮೆ ಬಿದ್ದ ನೆನಪು, ಸಡಿಲವಾದ ಹಲ್ಲುಸೆಟ್ಟು, ಕತ್ತಲಾದ ಮೇಲೆ ಮೆಟ್ಟಿಲು ಕಾಣದಿರುವುದು. ಮೊದಲನೆಯದನ್ನು ಮಕ್ಕಳ ಎದುರು ಎಂದೂ ಹೇಳುವುದಿಲ್ಲ. ಒಬ್ಬರೇ ಇರುವಾಗ, ನೇರವಾಗಿ, "ಹೊರಗೆ ಹೋದಾಗ ಬಾತ್‌ರೂಮಿನ ಚಿಂತೆ ಆಗುತ್ತಾ?" ಎಂದು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ.

ಅಳೆಯುವುದು ಹೇಗೆ

ಒಡನಾಟ ಅಳೆಯುವ ಆರು ಪ್ರಶ್ನೆಗಳ ಲಬ್ಬನ್ ಮಾಪನ ಐದು ನಿಮಿಷದ ಕೆಲಸ. ಮೂರು ಪ್ರಶ್ನೆ ನೆಂಟರ ಬಗ್ಗೆ, ಅವೇ ಮೂರು ಗೆಳೆಯರ ಬಗ್ಗೆ: ತಿಂಗಳಿಗೊಮ್ಮೆಯಾದರೂ ಎಷ್ಟು ಜನರನ್ನು ಕಾಣುತ್ತೀರಿ ಅಥವಾ ಅವರ ಸುದ್ದಿ ಬರುತ್ತದೆ, ಮನಸ್ಸಿನ ಮಾತು ಹೇಳಿಕೊಳ್ಳಬಹುದಾದವರು ಎಷ್ಟು ಜನ, ಕಷ್ಟಕ್ಕೆ ಕರೆಯಬಹುದಾದವರು ಎಷ್ಟು ಜನ. ಯಾರೂ ಇಲ್ಲದಿದ್ದರೆ 0, ಒಬ್ಬರು 1, ಇಬ್ಬರು 2, ಮೂರು-ನಾಲ್ಕು ಜನ 3, ಐದರಿಂದ ಎಂಟು 4, ಒಂಬತ್ತು ಅಥವಾ ಹೆಚ್ಚು 5. ಒಟ್ಟು 30 ಅಂಕ. 12ಕ್ಕಿಂತ ಕಡಿಮೆ ಬಂದರೆ ಅಪಾಯದ ವಲಯ. ಮೊತ್ತಕ್ಕಿಂತ ಎರಡು ಭಾಗಗಳನ್ನು ಬೇರೆ ಬೇರೆ ನೋಡುವುದು ಉಪಯುಕ್ತ. ನೆಂಟರ ಕಡೆ 11, ಗೆಳೆಯರ ಕಡೆ 1 ಬಂದರೆ ಒಟ್ಟು 12, ಕಾಗದದ ಮೇಲೆ ಪಾಸು. ಆದರೆ ಅವರ ಬದುಕಿನ ಒಂದು ಬಾಗಿಲು ಮುಚ್ಚಿಹೋಗಿದೆ.

ಅರಿವಿನ ಪರೀಕ್ಷೆಗೆ ಮಿನಿ-ಕಾಗ್ ಸರಳವಾದದ್ದು: ಮೂರು ಪದ ಹೇಳಿ, ಗಡಿಯಾರ ಬರೆಸಿ ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ಹೇಳಿ, ಆಮೇಲೆ ಪದಗಳನ್ನು ಕೇಳುವುದು. ಐದರಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ವಿವರವಾದ ತಪಾಸಣೆ ಬೇಕು. ಮೋಕಾ ಎಂಬ ಇನ್ನೊಂದು ಅರಿವಿನ ಪರೀಕ್ಷೆ 30 ಅಂಕದ್ದು, 26ಕ್ಕಿಂತ ಕಡಿಮೆಯಾದರೆ ಅನುಮಾನ ಎಂಬುದು ಮೂಲ ನಿಯಮ, 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ ಆ ಒಂದು ಅಂಕ ಏನೇನೂ ಸಾಲದು.

ಅಂಕ ಕೆಡುವುದು ಹೆಚ್ಚಾಗಿ ಪರೀಕ್ಷೆ ಮಾಡುವವರ ತಪ್ಪಿನಿಂದ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ. ಪದಗಳು ಕಿವಿಗೇ ಬಿದ್ದಿರುವುದಿಲ್ಲ, ಬೀಳದ ಪದ ನೆನಪಿರುವುದಾದರೂ ಹೇಗೆ? ಆಸ್ಪತ್ರೆಯಿಂದ ಬಿಡುಗಡೆಯಾದ ವಾರದಲ್ಲೇ ಪರೀಕ್ಷೆ ಮಾಡುತ್ತಾರೆ. ಪಕ್ಕದಲ್ಲಿ ಕೂತ ಮಗ "ಅಪ್ಪ, ಇದು ನಿಮಗೆ ಗೊತ್ತಲ್ಲ!" ಎಂದು ಒತ್ತಡ ಹಾಕುತ್ತಾನೆ. ಮೊಬೈಲಿನಲ್ಲಿ ಇಳಿಸಿಕೊಂಡ ಪರೀಕ್ಷೆಯನ್ನು ತಿಂಗಳಿಗೆ ಮೂರು ಸಲ ಮಾಡಿಸಿದರೆ ಉತ್ತರಗಳೇ ಬಾಯಿಪಾಠವಾಗುತ್ತವೆ.

ಅಂಕ ಕಡಿಮೆ ಬಂತೆಂದು ಡಿಮೆನ್ಷಿಯಾ ಎಂದುಕೊಳ್ಳುವ ಮುಂಚೆ ಸರಿಪಡಿಸಬಹುದಾದ ಕಾರಣಗಳನ್ನು ನೋಡಬೇಕು. ರಕ್ತದಲ್ಲಿ ಬಿ12 ಮತ್ತು ಥೈರಾಯ್ಡ್, ಗೊರಕೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಮದ್ಯ. ಮಾತ್ರೆಗಳ ಚೀಲವನ್ನು ಪೂರ್ತಿ ಮೇಜಿನ ಮೇಲೆ ಸುರಿದು ನೋಡುವುದು ವಾಸಿ. ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಹಳೆಯ ನಿದ್ದೆ ಮಾತ್ರೆಗಳು ವೃದ್ಧರ ಅರಿವನ್ನು ಮಸುಕು ಮಾಡುತ್ತವೆ. ಇವನ್ನು ತಾವೇ ನಿಲ್ಲಿಸಬಾರದು, ಬರೆದುಕೊಟ್ಟ ವೈದ್ಯರನ್ನು ಕೇಳಿ ಇಳಿಸಬೇಕು. ಗೊಂದಲ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಶುರುವಾಗಿದ್ದರೆ ಅದು ಈ ಲೇಖನದ ವಿಷಯವೇ ಅಲ್ಲ. ಸೋಂಕು, ಸೋಡಿಯಂ ಏರುಪೇರು, ಪಾರ್ಶ್ವವಾಯು ಏನಾದರೂ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಬೇಕು. ತಲೆಗೆ ಪೆಟ್ಟು ಬಿದ್ದ ಕೆಲವು ವಾರಗಳ ಮೇಲೆ ಮಂಕು ಕವಿದರೂ ಹಾಗೆಯೇ, ಒಳಗೆ ನಿಧಾನವಾಗಿ ರಕ್ತ ಸೇರಿರಬಹುದು.

ಇಷ್ಟೆಲ್ಲ ನೋಡಿದ ಮೇಲೂ ಅಂಕ ಕಡಿಮೆಯೇ ಇದ್ದು, ಹಣದ ವ್ಯವಹಾರ, ಮಾತ್ರೆ, ಓಡಾಟ ಎಲ್ಲವನ್ನೂ ತಾವೇ ನಿಭಾಯಿಸುತ್ತಿದ್ದರೆ ವೈದ್ಯರು ಅದನ್ನು ಎಂಸಿಐ ಎಂದು ಕರೆಯುತ್ತಾರೆ, ಅಂದರೆ ಅರಿವಿನ ಸೌಮ್ಯ ಕುಸಿತ. ಕೆಲವರಲ್ಲಿ ಇದು ಮುಂದುವರಿಯುತ್ತದೆ, ಕೆಲವರಲ್ಲಿ ಹಾಗೇ ನಿಲ್ಲುತ್ತದೆ, ಸಹಜ ಸ್ಥಿತಿಗೆ ಮರಳುವವರೂ ಇದ್ದಾರೆ. ಒಡನಾಟದ ಚಿಕಿತ್ಸೆಗೆ ಹದವಾದ ಕಾಲ ಇದೇ.

ಏನು ಮಾಡಿದರೆ ಪ್ರಯೋಜನ

ಅಮೆರಿಕದ ಐ-ಕನೆಕ್ಟ್ ಪ್ರಯೋಗ ಈ ವಿಷಯದಲ್ಲಿ ಓದಲೇಬೇಕಾದದ್ದು. 75 ದಾಟಿದ, ಒಡನಾಟ ಕಡಿಮೆಯಿರುವ 186 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತರಬೇತಿ ಪಡೆದವರು ವಾರಕ್ಕೆ ನಾಲ್ಕು ಸಲ, ಅರ್ಧ ಗಂಟೆ ವಿಡಿಯೊ ಕರೆ ಮಾಡಿ ಮಾತಾಡಿದರು, ಆರು ತಿಂಗಳು. ಆಮೇಲಿನ ಆರು ತಿಂಗಳು ವಾರಕ್ಕೆ ಎರಡು ಸಲ. ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಹತ್ತು ನಿಮಿಷದ ಯೋಗಕ್ಷೇಮದ ಫೋನ್ ಮಾತ್ರ. ಆರು ತಿಂಗಳಿಗೆ ಮೋಕಾ ಅಂಕದಲ್ಲಿ ಎರಡೂ ಗುಂಪುಗಳ ನಡುವೆ ಸುಮಾರು 1.75ರ ಅಂತರ ಕಂಡಿತು. ದೊಡ್ಡ ಅಂತರವಲ್ಲ, ಇದು ಅಲ್ಜೈಮರ್ ತಡೆಯುತ್ತದೆ ಎಂಬುದಕ್ಕೆ ಪುರಾವೆಯೂ ಅಲ್ಲ. ಆದರೆ ಒಂದು ಮಾತು ಕಲಿಯಬಹುದು: ಹತ್ತು ನಿಮಿಷದ "ಹೇಗಿದ್ದೀರಿ" ಮತ್ತು ಅರ್ಧ ಗಂಟೆಯ ಸಂಭಾಷಣೆ ಒಂದೇ ಅಲ್ಲ.

ಮನೆಯವರ ಕರೆಗಳನ್ನು ಈ ಅಳತೆಯಲ್ಲಿ ನೋಡಿ. "ಅಮ್ಮ, ಊಟ ಆಯ್ತಾ?" "ಆಯ್ತು." "ಮಾತ್ರೆ ತಗೊಂಡ್ರಾ?" "ಹೂಂ." "ಸರಿ, ಇಡ್ತೀನಿ." ತೊಂಬತ್ತು ಸೆಕೆಂಡ್. ಪ್ರೀತಿ ಇದೆ, ಮಿದುಳಿಗೆ ಕೆಲಸ ಇಲ್ಲ. ಹೌದು-ಇಲ್ಲ ಎಂದು ಮುಗಿಯದ ಒಂದು ಪ್ರಶ್ನೆಯನ್ನು ಮೊದಲೇ ಯೋಚಿಸಿಟ್ಟುಕೊಂಡು ಕರೆ ಮಾಡಿದರೆ ಚಿತ್ರವೇ ಬದಲಾಗುತ್ತದೆ. ಒಂದು ಹಳೆಯ ಫೋಟೊ ಕಳಿಸಿ "ಈ ದಿನ ಯಾರ್ಯಾರು ಬಂದಿದ್ರು, ಏನಾಯ್ತು?" ಎನ್ನಬಹುದು. ಸಲಹೆ ಕೇಳುವುದು ಇನ್ನೂ ಒಳ್ಳೆಯದು: "ಈ ಗಿಡ ಒಣಗ್ತಿದೆ, ಏನು ಮಾಡ್ಲಿ?" ಅವರು ಪದಕ್ಕೆ ತಡಕಾಡಿದಾಗ ಹತ್ತು ಸೆಕೆಂಡು ಸುಮ್ಮನಿರಬೇಕು, ಇದು ಹೇಳಿದಷ್ಟು ಸುಲಭವಲ್ಲ. "ನಾನು ಯಾರು ಹೇಳಿ ನೋಡೋಣ?" ಎಂಬ ಪರೀಕ್ಷೆ ಮಾತ್ರ ಬೇಡ. ಒಮ್ಮೆ ತಪ್ಪಿದವರು ಮುಂದೆ ಫೋನನ್ನೇ ಎತ್ತುವುದಿಲ್ಲ. ವಾರದ ದಿನ, ಹೊತ್ತು ಗೊತ್ತು ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬೆಳಗಿನ ಹೊತ್ತು ಉತ್ತಮ, ಸಂಜೆಗೆ ಹಲವರಿಗೆ ಮಂಕು ಹೆಚ್ಚು.

ಕಿವಿಯ ಕಡೆಗೆ ಬರೋಣ. 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದ ಅಚೀವ್ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಒಟ್ಟಾರೆ ಎಲ್ಲರನ್ನೂ ಸೇರಿಸಿದರೆ ಹಿಯರಿಂಗ್ ಏಡ್‌ನಿಂದ ಅರಿವಿನ ಕುಸಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೃದಯ-ರಕ್ತನಾಳದ ಅಪಾಯ ಮೊದಲೇ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಕುಸಿತದ ವೇಗ ಶೇ. 48ರಷ್ಟು ತಗ್ಗಿತು. ಆಮೇಲಿನ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಶ ಹೊರಬಂತು: ಮೂರು ವರ್ಷದ ಕೊನೆಗೆ ಸಾಧನ ಪಡೆದವರ ಒಡನಾಟದ ಬಳಗದಲ್ಲಿ ಸರಾಸರಿ ಒಬ್ಬರು ಹೆಚ್ಚು ಉಳಿದಿದ್ದರು. ಲಬ್ಬನ್ ಮಾಪನದಲ್ಲಿ ಒಬ್ಬರು ಎಂದರೆ ಏನೆಂದು ಈಗಾಗಲೇ ನೋಡಿದ್ದೇವೆ.

ಆದರೆ ಕಿವಿ ಮೆಷಿನ್ ಎಷ್ಟೋ ಮನೆಗಳಲ್ಲಿ ಡ್ರಾಯರ್ ಸೇರಿರುತ್ತದೆ. ಮೊದಲ ದಿನವೇ ಗದ್ದಲದ ಸಮಾರಂಭಕ್ಕೆ ಹಾಕಿಕೊಂಡು ಹೋದರೆ ತಟ್ಟೆಯ ಸದ್ದು, ಫ್ಯಾನಿನ ಸದ್ದು ಎಲ್ಲ ತಲೆಗೆ ಬಡಿದಂತಾಗಿ ತೆಗೆದಿಡುತ್ತಾರೆ. ಮೊದಲು ಮನೆಯ ಶಾಂತ ಕೋಣೆಯಲ್ಲಿ, ಒಬ್ಬರೊಡನೆ, ದಿನಕ್ಕೆ ಎರಡು ಗಂಟೆ. ಆಮೇಲೆ ವಾರವಾರ ಹೆಚ್ಚಿಸುತ್ತ ಹೋಗಬೇಕು. ಎರಡು-ಮೂರು ವಾರಕ್ಕೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಬಳಿ ಮತ್ತೆ ಹೊಂದಿಸಿಕೊಳ್ಳಲೇಬೇಕು. ಕೊಳ್ಳುವ ಮುಂಚೆ ಕಿವಿಯೊಳಗೆ ಗುಗ್ಗೆ ಗಟ್ಟಿಯಾಗಿದೆಯೇ ನೋಡಿಸಬೇಕು, ಕೆಲವರ ಕಿವುಡು ಅಲ್ಲಿಗೇ ಮುಗಿಯುತ್ತದೆ.

ಗುಂಪಿಗೆ ಸೇರಿಸುವುದಾದರೆ ನಾಲ್ಕೈದು ಜನರ ಗುಂಪು ಸಾಕು. ಪ್ರತಿಸಲ ಅದೇ ಮುಖಗಳಿರಲಿ, ಹಿಂದೆ ಗೋಡೆ ಇರುವ ಕುರ್ಚಿ ಸಿಗಲಿ, ಸದ್ದು ಒಂದೇ ಕಡೆಯಿಂದ ಬರುತ್ತದೆ. ಮೊದಲ ಮೂರು-ನಾಲ್ಕು ಸಲ ಜೊತೆಗೆ ಯಾರಾದರೂ ಹೋಗಿ ಕೂರಬೇಕು, "ನೀವೇ ಹೋಗಿ ಬನ್ನಿ" ಎಂದರೆ ಎರಡನೆಯ ವಾರಕ್ಕೆ ನಿಂತುಹೋಗುತ್ತದೆ. ಬರೀ ಕೇಳುಗರಾಗಿ ಕೂರಿಸಿದರೂ ಉಪಯೋಗವಿಲ್ಲ. ಹಾಜರಿ ಬರೆಯುವುದು, ಮಗುವಿಗೆ ಓದು ಹೇಳಿಕೊಡುವುದು, ಮುಂದಿನ ವಾರಕ್ಕೆ ಒಬ್ಬರಿಗೆ ನೆನಪಿಸಿ ಫೋನ್ ಮಾಡುವುದು, ಹೀಗೆ ಅವರಿಲ್ಲದಿದ್ದರೆ ನಿಲ್ಲುವ ಒಂದು ಸಣ್ಣ ಕೆಲಸ ಕೈಯಲ್ಲಿರಬೇಕು.

ಮೂರು ತಿಂಗಳಿಗೊಮ್ಮೆ ಆರು ಪ್ರಶ್ನೆಗಳ ಹಾಳೆಯನ್ನು ಮತ್ತೆ ತುಂಬಿಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಆ ದಿನ ಇನ್ನೊಂದು ಪ್ರತಿಯನ್ನು ಅವರನ್ನು ನೋಡಿಕೊಳ್ಳುವ ಹೆಂಡತಿಗೋ ಗಂಡನಿಗೋ ಮಗಳಿಗೋ ಕೊಡಿ. ವರ್ಷಗಟ್ಟಲೆ ಮನೆ ಬಿಟ್ಟು ಕದಲದ ಅವರ ಅಂಕ ಎಷ್ಟೋ ಸಲ ರೋಗಿಯದ್ದಕ್ಕಿಂತ ಕಡಿಮೆ ಇರುತ್ತದೆ.